ಕಾಫಿ ಟೇಬಲ್ ಮಾಡುವ ಮುಂಚೆ ಪ್ಲೈ ತುಂಡೊಂದನ್ನು ಕುದಿಸಿ ನೋಡಿ

ಪ್ಲೈವುಡ್ ಮೇಲೆ "ಐಎಸ್ 710" (ಮರೈನ್ ಪ್ಲೈಯ ಭಾರತೀಯ ಮಾನದಂಡ) ಅಂತ ಸೀಲ್ ಇದ್ದ ಮಾತ್ರಕ್ಕೆ ಅದು ಮರೈನ್ ಪ್ಲೈ, ಅಂದರೆ ನೀರಿಗೆ ತಡೆಯುವ ಪ್ಲೈ, ಆಗುವುದಿಲ್ಲ. ಕಾರವಾರ, ಅಂಕೋಲಾ, ಕುಮಟಾ ಕಡೆ ಮನೆಯಲ್ಲೇ ಟೇಬಲ್ಲು, ಶೆಲ್ಫು ಮಾಡಿಕೊಳ್ಳಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ದುಡ್ಡು ಹೋಗುವುದು ಒಂದು. ಕೈಯಾರೆ ಮಾಡಿದ ವಸ್ತು ಕಣ್ಣೆದುರೇ ಹಾಳಾಗುವ ಸಂಕಟ ಅದಕ್ಕಿಂತ ದೊಡ್ಡದು.

ನಮ್ಮ ಮನೆ ಕಾರವಾರದಲ್ಲಿ, ಸಮುದ್ರದ ಗಾಳಿ ನೇರ ಒಳಗೆ ಬರುವ ಜಾಗದಲ್ಲಿ. ಹಾಲ್‌ಗೆ ಈಗಿನ ಕಾಲದ ಸರಳ ಕಾಫಿ ಟೇಬಲ್ ಬೇಕಿತ್ತು. 4 ಅಡಿ ಉದ್ದ, 2 ಅಡಿ ಅಗಲ, 16 ಇಂಚು ಎತ್ತರ, ಪೇಪರ್ ಇಡಲು ಕೆಳಗೊಂದು ಹಲಗೆ, ಕಬ್ಬಿಣದ ಚೌಕ ಪೈಪಿನ ಕಾಲು. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಅದಕ್ಕೇ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ, ಕಮರ್ಷಿಯಲ್ ಪ್ಲೈಗಿಂತ ಜಾಸ್ತಿ ರೇಟು ಕೊಟ್ಟು, 18 ಎಂಎಂ ಮರೈನ್ ಪ್ಲೈ ಅಂತಲೇ ತಂದೆ. ಸೀಲ್ ಕೂಡ ತೋರಿಸಿದರು.

ಬಣ್ಣದ ಕೆಲಸ ಬೇಸಿಗೆಯಲ್ಲೇ ಮುಗಿಸಿದೆ. ಉಜ್ಜಿ, ವುಡ್ ಪ್ರೈಮರ್ ಹಚ್ಚಿ, ಪುಟ್ಟಿ ತುಂಬಿ, ಮತ್ತೆ ಉಜ್ಜಿ, ಮೇಲೆ ಬೂದು ಬಣ್ಣದ ಮ್ಯಾಟ್ ಎನಾಮೆಲ್ ಎರಡು ಕೋಟ್. ಅಡಿಭಾಗಕ್ಕೂ ಅಷ್ಟೇ ಕೋಟ್ ಕೊಟ್ಟೆ. ಒಂದೇ ಕಡೆ ಬಣ್ಣ ಹಚ್ಚಿದರೆ ಇನ್ನೊಂದು ಕಡೆ ತೇವ ಹೀರಿ ಹಲಗೆ ಬಾಗುತ್ತದೆ. ಅಂಚಿಗೆ ಪ್ರೈಮರ್ ಇನ್ನೂ ಜಾಸ್ತಿ ಕುಡಿಸಿದೆ, ಯಾಕೆಂದರೆ ಪ್ಲೈ ನೀರು ಎಳೆಯುವುದು ಹೆಚ್ಚಾಗಿ ಅಲ್ಲಿಂದಲೇ.

ಜೂನ್ ಮಳೆ ಹಿಡಿಯಿತು. ಮೊದಲು ಅಂಚಿನ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು. ಆಮೇಲೆ ಮೂಲೆ ಊದಿತು. ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವುದರೊಳಗೆ ಮೇಲಿನ ಪದರ ಬೆರಳಲ್ಲಿ ಎತ್ತಿದರೆ ಏಳುತ್ತಿತ್ತು, ಒಳಗೆಲ್ಲ ಬೂಷ್ಟು. ಅಂಗಡಿಗೆ ಹೋದರೆ "ನಿಮಗೆ ಬಣ್ಣ ಹೊಡೆಯಲು ಬಂದಿಲ್ಲ" ಅಂದುಬಿಟ್ಟರು. ಅದೇ ಡಬ್ಬದ ಪ್ರೈಮರ್, ಅದೇ ಬಣ್ಣವನ್ನು ಮನೆಯ ಹಳೇ ಸಾಗವಾನಿ ಸ್ಟೂಲಿಗೂ ಹಚ್ಚಿದ್ದೆ. ಅದು ಇವತ್ತಿಗೂ ಹಾಗೇ ಇದೆ. ಹಾಗಾದರೆ ತಪ್ಪು ಬಣ್ಣದ್ದು ಹೇಗಾಗುತ್ತದೆ?

ಕೊನೆಗೆ ಪರಿಚಯದ ಆಚಾರಿಯೊಬ್ಬರು ಬಂದು ಮೂಲೆ ಕೊಯ್ದು ನೋಡಿದರು. "ಅಕ್ಕಾ, ಈ ಅಂಟಿನ ಗೆರೆ ನೋಡಿ, ಬೆಳ್ಳಗಿದೆ. ಇದು ಮಳೆಗೆ ತಡೆಯುವ ಪ್ಲೈ ಅಲ್ಲ." ಮರೈನ್ ಪ್ಲೈಗೆ ಬಳಸುವುದು ಫಿನಾಲ್ ಫಾರ್ಮಾಲ್ಡಿಹೈಡ್ ಅಂಟು. ಅದರ ಗೆರೆ ಕಡು ಕಂದು. ಮಾಮೂಲಿ ಕಮರ್ಷಿಯಲ್ ಪ್ಲೈಯಲ್ಲಿ ಇರುವುದು ಯೂರಿಯಾ ಫಾರ್ಮಾಲ್ಡಿಹೈಡ್. ಅದು ತೆಳು ಬಣ್ಣದ್ದು, ನೀರಿನಲ್ಲಿ ನಿಲ್ಲುವುದಿಲ್ಲ. ನಮ್ಮ ಹಲಗೆಯ ಒಳಪದರಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಖಾಲಿ ಜಾಗ ಬೇರೆ. ಆ ಸಂದಿಗಳಲ್ಲೇ ತೇವ ಮನೆ ಮಾಡಿತ್ತು.

ಗೆರೆಯ ಬಣ್ಣವೊಂದನ್ನೇ ನಂಬಬೇಡಿ, ಅಂಟಿಗೆ ಬಣ್ಣ ಬೆರೆಸಲೂಬಹುದು. ಕುದಿಸಿ ನೋಡುವುದೇ ಗಟ್ಟಿ ದಾರಿ. ಐಎಸ್ 710 ಪ್ರಕಾರ ಮರೈನ್ ಪ್ಲೈಯ ಅಂಟು 72 ಗಂಟೆ ಕುದಿಯುವ ನೀರಿನಲ್ಲಿ ಬಿಡದೆ ಇರಬೇಕು. ಮನೆಯಲ್ಲಿ ಅಷ್ಟು ಹೊತ್ತು ಒಲೆ ಉರಿಸಬೇಕಿಲ್ಲ. ಅಂಗೈ ಅಗಲದ ತುಂಡನ್ನು ಹಳೇ ಪಾತ್ರೆಯಲ್ಲಿ ಕೆಲವು ಗಂಟೆ ಕುದಿಸಿ. ಕಿಟಕಿ ತೆರೆದಿಡಿ, ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಕಳಪೆ ಪ್ಲೈ ಇಷ್ಟರಲ್ಲೇ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ನಾವು ಉಳಿದ ತುಂಡಿನಲ್ಲಿ ಮಾಡಿದಾಗ ಹಾಗೇ ಆಯಿತು. ಪೂರ್ತಿ ಹಾಳೆ ಕೊಳ್ಳುವ ಮುಂಚೆ ತುಂಡು ಕೇಳಿ. ಕೊಡಲು ಒಪ್ಪದ ಅಂಗಡಿಯಲ್ಲಿ ಕೊಳ್ಳಲೇಬೇಡಿ.

ಇನ್ನೊಂದು ವಿಷಯ. ಐಎಸ್‌ಐ ಗುರುತಿನ ಜೊತೆ "ಸಿಎಂ/ಎಲ್" ಅಂತ ಲೈಸೆನ್ಸ್ ನಂಬರ್ ಇರಬೇಕು. ಅದನ್ನು ಈ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಗೆ, ಯಾವ ಮಾಲಿಗೆ ಕೊಟ್ಟದ್ದು ಅಂತ ಅಲ್ಲೇ ತಿಳಿಯುತ್ತದೆ. ಅಂಗಡಿಯಲ್ಲೇ ನಿಂತು ಮಾಡಬಹುದು.

ಬಿಲ್ ವಿಷಯದಲ್ಲಿ ಯಾರ ಮುಲಾಜಿಗೂ ಬೀಳಬೇಡಿ. ನಮಗೆ ಕೊಟ್ಟದ್ದು ಬರೀ "ಪ್ಲೈ 1" ಅಂತ ಗೀಚಿದ ಚೀಟಿ. ಪಕ್ಕಾ ಬಿಲ್ ಕೇಳಿದಾಗ "ಆಮೇಲೆ ಕಳಿಸ್ತೇವೆ" ಅಂದವರು ಕಳಿಸಲೇ ಇಲ್ಲ. ಕಂಪನಿ ಹೆಸರು, ದಪ್ಪ, ಐಎಸ್ 710 ಈ ಮೂರೂ ಜಿಎಸ್‌ಟಿ ಬಿಲ್‌ನಲ್ಲಿ ಬರೆಸಿಕೊಂಡೇ ಮಾಲು ಎತ್ತಿ.

ಈಗಾಗಲೇ ಮೋಸ ಹೋಗಿದ್ದರೆ ಸುಮ್ನೆ ಕೂರಬೇಡಿ. ಊದಿದ ಅಂಚು, ಸೀಲ್, ಕುದಿಸಿದ ತುಂಡು ಎಲ್ಲದರ ಫೋಟೋ ತೆಗೆದಿಡಿ. ಸೀಲ್ ಇರುವ ತುಂಡನ್ನು ಎಸೆಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಸುಳ್ಳು ಐಎಸ್‌ಐ ಗುರುತಿನ ದೂರನ್ನು ಬಿಐಎಸ್ ಕೇರ್‌ನಲ್ಲೇ ಹಾಕಬಹುದು. ಜಿಲ್ಲಾ ಗ್ರಾಹಕರ ಆಯೋಗ ಕಾರವಾರದಲ್ಲೇ ಇದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ.