ಮಳೆಗಾಲದಲ್ಲಿ ಬೋಟಿನ ಇಂಜಿನ್: ಆಗಾಗ ಓಡಿಸುವುದೋ, ಮುಚ್ಚಿಡುವುದೋ, ಹೀಟರ್ ಇಡುವುದೋ?

ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಡೀಸೆಲ್ ಇಂಜಿನ್ನಿನೊಳಗೆ ತೇವ ಕೂರುವುದು ಆಗಲೇ.

ಖರ್ಚು ನೋಡಿದರೆ ಮುಚ್ಚಿಡುವುದೇ ಅಗ್ಗ: ಏರ್ ಫಿಲ್ಟರ್ ಬಾಯಿ, ಸೈಲೆನ್ಸರ್ ತುದಿಗೆ ಎಣ್ಣೆ ಸವರಿದ ಬಟ್ಟೆ, ಮೇಲೆ ಪ್ಲಾಸ್ಟಿಕ್ ಕಟ್ಟು, ಒಳಬದಿಗೆ ತೇವ ಹೀರುವ ಸಿಲಿಕಾ ಜೆಲ್ ಚೀಲ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ಸುಮಾರು 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಸ್ಟಾರ್ಟ್ ಮಾಡುವ ಮುಂಚೆ ಎಲ್ಲವನ್ನೂ ತೆಗೆಯಲು ಸ್ಟೇರಿಂಗಿಗೆ ಚೀಟಿ ಕಟ್ಟಿ. ಇದನ್ನು ಮರೆಯಲೇಬೇಡಿ.

ಇಂಜಿನ್ ಬಳಿ ಹಗಲುರಾತ್ರಿ ಇಡುವ 60 ವಾಟ್ ಹೀಟರ್ ದಿನಕ್ಕೆ 1.44 ಯೂನಿಟ್, 61 ದಿನಕ್ಕೆ ಸುಮಾರು 88 ಯೂನಿಟ್ ಎಳೆಯುತ್ತದೆ. ಕಬ್ಬಿಣ ಸುತ್ತಲ ಗಾಳಿಗಿಂತ ತುಸು ಬೆಚ್ಚಗಿದ್ದರೆ ಅದರ ಮೇಲೆ ಹನಿ ಕಟ್ಟುವುದಿಲ್ಲ. ಆದರೆ ಬೋಟು ಕಟ್ಟುವ ದಕ್ಕೆಯಲ್ಲಿ ನಂಬಬಹುದಾದ ಕರೆಂಟು, ಅರ್ಥಿಂಗ್ ಎರಡೂ ಬೇಕು.

ಓಡಿಸುವುದು ಸುಲಭವೆನಿಸಿದರೂ ಹೆಚ್ಚು ಕೆಡಿಸುವುದು ಇದೇ. ಡೀಸೆಲ್ ಉರಿದಾಗ ನೀರಾವಿ ಹುಟ್ಟುತ್ತದೆ. ಐದೇ ನಿಮಿಷ ಓಡಿಸಿ ನಿಲ್ಲಿಸಿದರೆ ಅದು ತಣ್ಣನೆಯ ಆಯಿಲ್‌ನಲ್ಲೇ ಉಳಿದು ಬಿಳಿ ಕೆನೆಯಂತಾಗುತ್ತದೆ. ಓಡಿಸುವುದಾದರೆ ಇಂಜಿನ್ ಪೂರ್ತಿ ಬಿಸಿಯಾಗಬೇಕು, ಲೋಡ್ ಹಾಕಿ ಅರ್ಧ ಗಂಟೆಯಾದರೂ.

ದಡಕ್ಕೆ ಎಳೆದ, ಯಾರೂ ಹೋಗದ ಬೋಟಿಗೆ ಮುಚ್ಚಿಡುವುದು ಸರಿ. ಕರೆಂಟು, ಕಾವಲು ಇರುವಲ್ಲಿ ಹೀಟರ್. ನೀರಲ್ಲೇ ಇದ್ದು ವಾರಕ್ಕೊಮ್ಮೆ ಬರುವ ಮೆಕ್ಯಾನಿಕ್ ಇದ್ದರೆ ಓಡಿಸಿ. ಮೂರರಲ್ಲಿ ಯಾವುದಾದರೂ ಸರಿ, ಹಳೆ ಆಯಿಲ್ ಬದಲಿಸಿ. ಅದರಲ್ಲಿನ ಆಮ್ಲ ಬೇರಿಂಗ್ ತಿನ್ನುತ್ತದೆ.