ಬೆಂಕಿಯಿಲ್ಲದ ಅಡುಗೆಗೆ 1,190 ರೂಪಾಯಿಯ ಸಾಮಾನು

ಬೆಳಗಿನ ತಿಂಡಿ ಮತ್ತು ರಾತ್ರಿಯ ಊಟ ಎರಡನ್ನೂ ಬೇಯಿಸದ ಆಹಾರದಲ್ಲೇ ಮುಗಿಸಿ, ಮಧ್ಯಾಹ್ನ ಮಾತ್ರ ಮನೆಯವರೊಂದಿಗೆ ಅನ್ನ ಸಾರು ಉಣ್ಣುವ ಪಥ್ಯವನ್ನು ನಾನು ಆರಂಭಿಸಿ ನಾಲ್ಕು ತಿಂಗಳಾಯಿತು. ಆರಂಭಕ್ಕೆ ಮುನ್ನ ವಿಚಾರಿಸಿದಲ್ಲೆಲ್ಲ ಭಾರಿ ಬ್ಲೆಂಡರ್, ನಿಧಾನವಾಗಿ ರಸ ಹಿಂಡುವ ಜ್ಯೂಸರ್, ಹಣ್ಣು ಒಣಗಿಸುವ ಡಿಹೈಡ್ರೇಟರ್ ಎಂಬ ಹೆಸರುಗಳೇ ಕೇಳಿಬಂದವು. ಈ ಮೂರರ ಬೆಲೆಯನ್ನು ಕೂಡಿಸಿದರೆ ನಮ್ಮ ಮನೆಯ ಫ್ರಿಜ್ಜಿನ ಬೆಲೆಯನ್ನು ಮೀರುತ್ತಿತ್ತು. ನಾನು ಅವನ್ನು ಬಿಟ್ಟು, ಮೈಸೂರಿನ ಶಿವರಾಂಪೇಟೆಯ ಪಾತ್ರೆ ಅಂಗಡಿಗಳಲ್ಲಿ ಕೆಲವನ್ನೂ ಆನ್‌ಲೈನ್‌ನಲ್ಲಿ ಕೆಲವನ್ನೂ ಸೇರಿಸಿ ಎಂಟು ಬಗೆಯ ಸಾಮಾನನ್ನು 1,190 ರೂಪಾಯಿಗೆ ಕೊಂಡೆ. ಮನೆಯಲ್ಲಿ ಮೊದಲೇ ಇದ್ದದ್ದು ಎಂಟು ವರ್ಷ ಹಳೆಯ 500 ವ್ಯಾಟ್‌ನ ಮಿಕ್ಸಿ ಮತ್ತು ಅತ್ತೆಯವರ ಈಳಿಗೆಮಣೆ. ಇವುಗಳಲ್ಲಿ ಯಾವುದು ದುಡಿಯಿತು, ಯಾವುದು ಅಟ್ಟ ಸೇರಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಲೆಗೆ ಬರುವ ಮುನ್ನ ಒಂದು ಮಾತನ್ನು ಹೇಳಬೇಕು. ಒಲೆಯ ಮೇಲೆ ಬೆಂಕಿ ಮಾಡುವ ಮುಖ್ಯ ಕೆಲಸವೆಂದರೆ ತರಕಾರಿಯ ನಾರನ್ನು ಮೆತ್ತಗಾಗಿಸುವುದು. ಆ ಬೆಂಕಿಯನ್ನು ತೆಗೆದುಹಾಕಿದ ಮೇಲೆ ಅದೇ ಕೆಲಸವನ್ನು ಅಲಗು, ಕಲ್ಲು, ನೀರು, ಉಪ್ಪು ಮತ್ತು ನಮ್ಮ ಹಲ್ಲು ಹಂಚಿಕೊಳ್ಳಬೇಕಾಗುತ್ತದೆ. ಹಸಿ ಆಹಾರವನ್ನು ಎರಡೇ ವಾರಕ್ಕೆ ಬಿಟ್ಟ ನನ್ನ ಪರಿಚಯದವರಲ್ಲಿ ಹೆಚ್ಚಿನವರು ರುಚಿಗೆ ಬೇಸತ್ತವರಲ್ಲ, ದಪ್ಪ ದಪ್ಪ ಹೋಳುಗಳನ್ನು ಅಗಿದು ದವಡೆ ನೋಯಿಸಿಕೊಂಡವರು. ನೂರು ವರ್ಷಕ್ಕೂ ಹಿಂದೆ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ತಮ್ಮ ರೋಗಿಗಳಿಗೆ ಹಸಿ ಸೇಬಿನ ತುರಿಯನ್ನು ನೆನೆಸಿದ ಓಟ್ಸ್‌ನೊಂದಿಗೆ ಕಲೆಸಿ ತಿನ್ನಿಸುತ್ತಿದ್ದ ವೈದ್ಯ ಬಿರ್ಷರ್-ಬೆನ್ನರ್ ಅವರ ಹೆಸರು ಅಲ್ಲಿ ಇಂದಿಗೂ ಒಂದು ಬಗೆಯ ತುರಿಮಣೆಗೆ ಅಂಟಿಕೊಂಡಿದೆ. 1929ರಲ್ಲಿ ಬೇಯಿಸದ ಆಹಾರದ ಪ್ರಯೋಗಕ್ಕೆ ಇಳಿದ ಗಾಂಧೀಜಿಯವರೂ ಸೊಪ್ಪನ್ನು ಕುಟ್ಟಿ, ಬಾದಾಮಿಯನ್ನು ನುಣ್ಣಗೆ ಅರೆದು ತಿನ್ನುತ್ತಿದ್ದರು. ಕೆಲವೇ ತಿಂಗಳಲ್ಲಿ ಆರೋಗ್ಯ ಕೆಟ್ಟು ಅವರು ಆ ಪ್ರಯೋಗವನ್ನು ಕೈಬಿಟ್ಟರು ಎಂಬುದನ್ನೂ ನೆನಪಿನಲ್ಲಿಟ್ಟುಕೊಂಡೇ ನಾನು ಮಧ್ಯಾಹ್ನದ ಅನ್ನವನ್ನು ಉಳಿಸಿಕೊಂಡಿದ್ದೇನೆ.

ಹೀಗಾಗಿ ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ 140 ರೂಪಾಯಿಯ ನಾಲ್ಕು ಮುಖದ ಸ್ಟೀಲ್ ತುರಿಮಣೆಗೆ ಸಲ್ಲುತ್ತದೆ. ನಾಲ್ಕು ಮುಖಗಳಲ್ಲಿ ಕೆಲಸಕ್ಕೆ ಬರುವುದು ಎರಡೇ. ದೊಡ್ಡ ಕಣ್ಣಿನ ಮುಖದಲ್ಲಿ ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸು, ಮೂಲಂಗಿಗಳು ಸಲೀಸಾಗಿ ಇಳಿಯುತ್ತವೆ. ಸಣ್ಣ ಕಣ್ಣಿನದು ಶುಂಠಿಗೆ ಮತ್ತು ಮಾವಿನಕಾಯಿಗೆ. ಉಳಿದೆರಡರಲ್ಲಿ ಒಂದು ಬಿಲ್ಲೆ ಕೊಯ್ಯುವುದೆಂದು ಹೇಳಿಕೊಂಡು ಸೌತೆಕಾಯಿಯನ್ನು ಹಿಸುಕುತ್ತದೆ, ಇನ್ನೊಂದು ಮುಳ್ಳಿನಂತಿದ್ದು ಬೆರಳ ಗೆಣ್ಣನ್ನು ಮಾತ್ರ ಚೆನ್ನಾಗಿ ತುರಿಯುತ್ತದೆ. ಅಂಗಡಿಯಲ್ಲಿ 60 ರೂಪಾಯಿಯದೂ ಇತ್ತು. ಎರಡನ್ನೂ ಕೈಯಲ್ಲಿ ಹಿಡಿದು ಎರಡು ಬದಿಯಿಂದ ಒತ್ತಿ ನೋಡಿದಾಗ ಅಗ್ಗದ್ದು ಬಾಗಿತು, ದುಬಾರಿಯದು ಬಾಗಲಿಲ್ಲ. ಬಾಗುವ ತುರಿಮಣೆಯಲ್ಲಿ ಬೀಟ್‌ರೂಟ್ ತುರಿಯುವಾಗ ಅರ್ಧ ಬಲವೆಲ್ಲ ತಗಡನ್ನು ನೇರ ಹಿಡಿಯುವುದಕ್ಕೇ ವ್ಯಯವಾಗುತ್ತದೆ. ಇಬ್ಬರಿಗೆ ಸಾಲುವಷ್ಟು ಕ್ಯಾರೆಟ್ ತುರಿದು, ನೆನೆದ ಹೆಸರುಬೇಳೆ, ಕಾಯಿತುರಿ, ನಿಂಬೆರಸ ಸೇರಿಸಿ ಕೋಸಂಬರಿ ಮಾಡಲು ನನಗೆ ಈಗ ಹತ್ತು ನಿಮಿಷ ಸಾಕು. ಈ ತುರಿಮಣೆಯ ಒಂದೇ ದೋಷವೆಂದರೆ ಮೂಲೆಯ ಬೆಸುಗೆಯ ಒಳಬದಿಯಲ್ಲಿ ತುರಿ ಸಿಕ್ಕಿಕೊಳ್ಳುವುದು. ತುರಿದ ಕೂಡಲೇ ನೀರಿಗೆ ಹಾಕದಿದ್ದರೆ ಒಣಗಿ ಕಲ್ಲಾಗುತ್ತದೆ.

ಎರಡು ಚಾಕುಗಳಿಗೆ ಕೂಡಿ 110 ರೂಪಾಯಿ ಕೊಟ್ಟೆ, ಆದರೆ ಅವುಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಮೂರನೇ ವಾರಕ್ಕೆ ಎರಡೂ ಮೊಂಡಾದವು. ಓಣಿಗೆ ಸೈಕಲ್ಲಿನಲ್ಲಿ ಬರುವ ಸಾಣೆಯವರಿಗೆ ಅವುಗಳ ಜೊತೆಗೆ ಅತ್ತೆಯವರ ಈಳಿಗೆಮಣೆಯನ್ನೂ ಕೊಟ್ಟು ಸಾಣೆ ಹಿಡಿಸಿದ ದಿನದಿಂದ ನನ್ನ ಹಸಿ ಅಡುಗೆಯ ಸ್ವರೂಪವೇ ಬದಲಾಯಿತೆಂದರೆ ಉತ್ಪ್ರೇಕ್ಷೆಯಲ್ಲ. ಹರಿತವಾದ ಈಳಿಗೆಯಲ್ಲಿ ಎಲೆಕೋಸನ್ನು ನೂಲಿನಂತೆ ಹೆಚ್ಚಬಹುದು. ಮೆಂತ್ಯಸೊಪ್ಪನ್ನು ಹಿಡಿಹಿಡಿಯಾಗಿ ಸಣ್ಣಗೆ ಹೆಚ್ಚಿ, ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆಗೆ ಮಾಡಿಕೊಳ್ಳುವಂತೆ ಈರುಳ್ಳಿ, ಸೌತೆಕಾಯಿ, ಶೇಂಗಾ ಪುಡಿ ಬೆರೆಸಿ ಪಚಡಿ ಮಾಡಬಹುದು. (ಶೇಂಗಾ ಹುರಿದದ್ದು ಎಂದು ಕಟ್ಟುನಿಟ್ಟಿನವರು ಆಕ್ಷೇಪಿಸುವುದುಂಟು. ಅವರು ಅವಲಕ್ಕಿಯನ್ನೂ ಒಪ್ಪುವುದಿಲ್ಲ, ಏಕೆಂದರೆ ಭತ್ತವನ್ನು ನೆನೆಸಿ, ಹುರಿದ ಮೇಲೆಯೇ ಅದನ್ನು ಅವಲಕ್ಕಿ ಮಾಡುವುದು. ನಾನು ಎರಡನ್ನೂ ತಿನ್ನುತ್ತೇನೆ.)

ಬಿಲ್ಲೆ ಕೊಯ್ಯುವ ಸ್ಲೈಸರ್‌ಗೆ 220 ರೂಪಾಯಿ ಬಿತ್ತು. ಇದರ ಅಲಗು ನಿಜಕ್ಕೂ ಹರಿತವಾಗಿದ್ದು, ಬೀಟ್‌ರೂಟನ್ನು ಕಾಗದದಷ್ಟು ತೆಳ್ಳಗೆ ಕೊಯ್ಯುತ್ತದೆ. ಹಾಗೆ ಕೊಯ್ದ ಬಿಲ್ಲೆಗಳಿಗೆ ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣಿನ ರಸ ಹಾಕಿ ಇಪ್ಪತ್ತು ನಿಮಿಷ ಬಿಟ್ಟರೆ ಉಪ್ಪು ನೀರನ್ನು ಹೊರಗೆಳೆದು ಬಿಲ್ಲೆಗಳು ಬೇಯಿಸಿದಂತೆ ಬಾಗುತ್ತವೆ. ಬೀಟ್‌ರೂಟಿನ ಮಣ್ಣುವಾಸನೆಯೂ ತಗ್ಗುತ್ತದೆ. ಆದರೆ ಜೊತೆಗೆ ಬರುವ ಪ್ಲಾಸ್ಟಿಕ್ ಕೈಹಿಡಿ ತರಕಾರಿಯನ್ನು ಗಟ್ಟಿಯಾಗಿ ಹಿಡಿಯದು, ಅದನ್ನು ಬದಿಗಿಟ್ಟು ಬರಿಗೈಯಲ್ಲಿ ಉಜ್ಜಲು ಹೋದವರು ಬೆರಳು ಕೊಯ್ದುಕೊಳ್ಳದೆ ಉಳಿಯರು. ತರಕಾರಿಯ ಕೊನೆಯ ಎರಡು ಅಂಗುಲವನ್ನು ಸ್ಲೈಸರ್‌ಗೆ ಕೊಡದೆ ಹಾಗೆಯೇ ಬಾಯಿಗೆ ಹಾಕಿಕೊಳ್ಳುವುದು ನಾನು ಕಂಡುಕೊಂಡ ಉಪಾಯ.

ಅತಿ ಹೆಚ್ಚು ನಿರೀಕ್ಷೆ ಇಟ್ಟು ಕೊಂಡದ್ದು ದಾರ ಎಳೆಯುವ ಚಾಪರ್. ಬೆಲೆ 260 ರೂಪಾಯಿ. ಬಟ್ಟಲಿನೊಳಗೆ ಮೂರು ಅಲಗುಗಳು, ಮುಚ್ಚಳದಲ್ಲಿ ದಾರ ಸುತ್ತಿದ ಚಕ್ರ ಮತ್ತು ಸ್ಪ್ರಿಂಗ್; ದಾರವನ್ನು ಎಳೆದಾಗ ಅಲಗು ತಿರುಗುತ್ತದೆ, ಬಿಟ್ಟಾಗ ಸ್ಪ್ರಿಂಗ್ ದಾರವನ್ನು ಒಳಕ್ಕೆಳೆದುಕೊಳ್ಳುತ್ತದೆ. ಈರುಳ್ಳಿಯನ್ನೂ ಮೊದಲೇ ತುಂಡು ಮಾಡಿದ ಕ್ಯಾರೆಟನ್ನೂ ಇದು ಹದಿನೈದು ಎಳೆತಕ್ಕೆ ಹೆಚ್ಚಿಕೊಡುತ್ತದೆ ಎಂಬುದು ನಿಜ. ಸೊಪ್ಪು ಹಾಕಿದರೆ ದಂಟು ಅಲಗಿಗೆ ಸುತ್ತಿಕೊಳ್ಳುತ್ತದೆ, ಟೊಮೆಟೊ ಹಾಕಿದರೆ ತಳದಲ್ಲಿ ನೀರು ಮೇಲೆ ಹೋಳು ಎಂಬಂತಾಗುತ್ತದೆ. ತೊಂದರೆ ಇರುವುದು ಮುಚ್ಚಳದಲ್ಲಿ. ಅದನ್ನು ನೀರಿನಲ್ಲಿ ಮುಳುಗಿಸುವಂತಿಲ್ಲ. ಮುಳುಗಿಸದಿದ್ದರೆ ಕೆಳಗಿನ ಸಂದಿನಲ್ಲಿ ಈರುಳ್ಳಿಯ ರಸ ನಿಂತು ಮರುದಿನದ ಸೇಬಿಗೂ ಅದೇ ವಾಸನೆ ಹತ್ತುತ್ತದೆ. ಬೇಯಿಸಿ ತಿನ್ನುವವರಿಗೆ ಇದು ಸಣ್ಣ ವಿಷಯವಿರಬಹುದು, ಆದರೆ ಹಸಿಯಾಗಿ ತಿನ್ನುವವರ ಮನೆಯಲ್ಲಿ ಸಂದುಗೊಂದಿನ ಕೊಳೆಯನ್ನು ಆಮೇಲೆ ಕೊಲ್ಲಲು ಯಾವ ಕುದಿಯೂ ಇರುವುದಿಲ್ಲ. ಆರನೆಯ ವಾರಕ್ಕೆ ಸ್ಪ್ರಿಂಗ್ ಸೋತು ದಾರ ಹೊರಗೇ ನೇತಾಡತೊಡಗಿತು. ಮಾರಿದವರು ಬದಲಿಸಿಕೊಡುವ ಅವಧಿ ಮುಗಿದಿದೆ ಎಂದರು. ಮತ್ತೊಂದನ್ನು ನಾನು ಕೊಳ್ಳಲಿಲ್ಲ.

ಮೊಳಕೆ ಕಟ್ಟುವ ಡಬ್ಬಿಯ ಬೆಲೆ 190 ರೂಪಾಯಿ. ಒಂದರ ಮೇಲೊಂದು ಕೂರುವ, ತಳದಲ್ಲಿ ತೂತುಗಳಿರುವ ಮೂರು ಅಂತಸ್ತಿನ ಪ್ಲಾಸ್ಟಿಕ್ ಡಬ್ಬಿ ಇದು. ಎಂಟು ಗಂಟೆ ನೆನೆಸಿದ ಹೆಸರುಕಾಳು ಇದರಲ್ಲಿ ಮೈಸೂರಿನ ಚಳಿಗಾಲದಲ್ಲಿ ಒಂದೂವರೆ ದಿನಕ್ಕೆ, ಬೇಸಿಗೆಯಲ್ಲಿ ಒಂದೇ ರಾತ್ರಿಗೆ ಮೊಳೆಯುತ್ತದೆ. ಮಡಿಕೆಕಾಳು ಇನ್ನೂ ಬೇಗ, ಹುರುಳಿ ಸ್ವಲ್ಪ ತಡ. ಮೇಲಿನ ಅಂತಸ್ತಿನ ನೀರು ಕೆಳಗಿನದಕ್ಕೆ ಇಳಿಯುವುದರಿಂದ ಕೆಳಗಿನ ಕಾಳು ಲೋಳೆಯಾಗಿ ನಾರುತ್ತದೆ ಎಂಬುದು ಏಪ್ರಿಲ್ ತಿಂಗಳ ಸೆಕೆಯಲ್ಲಿ ತಿಳಿಯಿತು. ತೂತುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದಲೇ ತಿಕ್ಕಬೇಕು. ನಮ್ಮ ಹಿರಿಯರು ಮಾಡುತ್ತಿದ್ದಂತೆ ತೆಳುವಾದ ಹತ್ತಿಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ನೇತುಹಾಕಿದರೆ ನೀರು ಪೂರ್ತಿ ಇಳಿಯುತ್ತದೆ, ಗಾಳಿಯಾಡುತ್ತದೆ, ಮುಗಿದ ಮೇಲೆ ಬಟ್ಟೆಯನ್ನು ಬಿಸಿನೀರಿನಲ್ಲಿ ಕುದಿಸಿ ಒಣಹಾಕಬಹುದು. ಎರಡು ದಿನ ಮೀರಿದರೆ ಬೇರು ಬಟ್ಟೆಯ ಎಳೆಗೆ ಸಿಕ್ಕಿಕೊಳ್ಳುವುದೊಂದೇ ಕಷ್ಟ. ನಾನೀಗ ಬಟ್ಟೆಗೇ ಮರಳಿದ್ದೇನೆ, ಡಬ್ಬಿಯಲ್ಲಿ ಬೆಳ್ಳುಳ್ಳಿ ಇದೆ.

ಮೊಳಕೆಯ ಶುಚಿತ್ವದ ಬಗ್ಗೆ ನಾನು ಇಷ್ಟು ಬರೆಯಲು ಕಾರಣವಿದೆ. ಕಾಳು ಮೊಳೆಯಲು ಬೇಕಾದ ತೇವ ಮತ್ತು ಬೆಚ್ಚನೆಯ ವಾತಾವರಣವೇ ರೋಗಾಣುಗಳಿಗೂ ಬೇಕು. 2011ರಲ್ಲಿ ಜರ್ಮನಿಯಲ್ಲಿ ಹರಡಿ 50ಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾದ ಇ-ಕೊಲಿ ಸೋಂಕಿನ ಮೂಲವನ್ನು ತನಿಖೆ ಮಾಡಿದವರು ಕೊನೆಗೆ ತಲುಪಿದ್ದು ಮೆಂತ್ಯದ ಮೊಳಕೆಗೆ. ಆದ್ದರಿಂದ ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಮೊಳಕೆಯನ್ನು ಹಸಿಯಾಗಿ ತಿನ್ನದೆ ಬೇಯಿಸಿಯೇ ತಿನ್ನುವುದು ಒಳ್ಳೆಯದು. ನಮ್ಮ ಅತ್ತೆಯವರ ಪಾಲಿನದು ಈಗಲೂ ಉಸಲಿಯಾಗಿ ಒಲೆಯ ಮೇಲೇರುತ್ತದೆ. ರಾಜ್ಮಾವನ್ನಂತೂ ಮೊಳಕೆ ಬರಿಸಿದರೂ ಹಸಿಯಾಗಿ ಯಾರೂ ತಿನ್ನಬಾರದು, ಅದರಲ್ಲಿರುವ ವಿಷಾಂಶ ಚೆನ್ನಾಗಿ ಕುದಿಸಿದರೆ ಮಾತ್ರ ಹೋಗುತ್ತದೆ. ಮರಗೆಣಸು, ಕೆಸುವಿನ ಎಲೆಗಳ ಮಾತೂ ಹಾಗೆಯೇ. ಮೊದಲ ವಾರ ಬಟ್ಟಲು ತುಂಬ ಮೊಳಕೆ ತಿಂದು ಹೊಟ್ಟೆಯುಬ್ಬರದಿಂದ ನಿದ್ದೆಗೆಟ್ಟ ನಾನು ಈಗ ದಿನಕ್ಕೆ ಒಂದು ಹಿಡಿಯನ್ನು ದಾಟುವುದಿಲ್ಲ.

ಮಿಕ್ಸಿಯ ವಿಷಯದಲ್ಲಿ ಹಸಿ ಆಹಾರದವರ ತಕರಾರು ಬಿಸಿಯ ಬಗ್ಗೆ. ಆಹಾರ ಸುಮಾರು 46ರಿಂದ 48 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಕಿಣ್ವಗಳು ನಾಶವಾಗುತ್ತವೆ ಎಂಬುದು ಅವರ ವಾದ. ತಿಂದ ಕಿಣ್ವಗಳಲ್ಲಿ ಬಹುಪಾಲು ಜಠರದ ಆಮ್ಲದಲ್ಲಿ ಹೇಗೂ ಮುರಿದುಬೀಳುವುದರಿಂದ ಆ ವಾದ ನನಗೆ ಅಷ್ಟಾಗಿ ಹಿಡಿಸಿಲ್ಲ. ಬಿಸಿಗೆ ಸಿ ಜೀವಸತ್ವ ನಷ್ಟವಾಗುತ್ತದೆ ಎಂಬುದು ನಿಜ, ಕ್ಯಾರೆಟ್ಟಿನ ಸತ್ವ ಬೇಯಿಸಿದಾಗಲೇ ಮೈಗೆ ಹೆಚ್ಚು ಹತ್ತುತ್ತದೆ ಎಂಬುದೂ ಅಷ್ಟೇ ನಿಜ. ಅದೇನೇ ಇರಲಿ, 500 ವ್ಯಾಟ್‌ನ ಮಿಕ್ಸಿಯನ್ನು ಒಂದೇ ಸಮನೆ ಓಡಿಸಿದರೆ ಆಹಾರಕ್ಕಿಂತ ಮೊದಲು ಮೋಟಾರು ಬಿಸಿಯಾಗುತ್ತದೆ. ಅರ್ಧ ನಿಮಿಷ ಓಡಿಸಿ, ಅಷ್ಟೇ ಹೊತ್ತು ನಿಲ್ಲಿಸಿ, ತಣ್ಣನೆಯ ನೀರು ಬಳಸಿದರೆ ಒಂದೆಲಗದ ತಂಬುಳಿಗೆ, ಹಸಿ ಚಟ್ನಿಗೆ, ಬಾಳೆಹಣ್ಣು ಖರ್ಜೂರದ ಪಾನಕಕ್ಕೆ ಅದೇ ಸಾಕು. ಸೊಪ್ಪಿನ ದಂಟನ್ನು ಮಾತ್ರ ಅದು ನುಣ್ಣಗೆ ಮಾಡದು. ಬಾಯಿಗೆ ನಾರು ಸಿಗುತ್ತದೆ. ದುಬಾರಿ ಬ್ಲೆಂಡರ್‌ನವರು ಮಾಡುವ ವಾದದಲ್ಲಿ ನಾನು ಒಪ್ಪುವ ಅಂಶ ಇದೊಂದೇ.

ಹಾಲು ಹಿಂಡುವ ಬಟ್ಟೆಗೆ 70 ರೂಪಾಯಿ ಕೊಟ್ಟದ್ದು ಈ ಮಿಕ್ಸಿಗೆ ಜೊತೆಯಾಗಿ. ಬಾದಾಮಿ ಹಾಲನ್ನು ಎರಡು ಬಾರಿ ಮಾಡಿ, ಬಾದಾಮಿಯ ಬೆಲೆಗೆ ಹೆದರಿ ತೆಂಗಿನಕಾಯಿಗೆ ತಿರುಗಿದೆ. ಒಂದು ಕಾಯಿಯ ತುರಿಗೆ ನೀರು ಹಾಕಿ ಎರಡು ಸಲ ಅರೆದು ಹಿಂಡಿದರೆ ಮೂರು ಲೋಟ ಹಾಲು ಬರುತ್ತದೆ, ಉಳಿದ ಚಕ್ಕೆಗೆ ಬೆಲ್ಲ ಏಲಕ್ಕಿ ಸೇರಿಸಿ ಉಂಡೆ ಕಟ್ಟಬಹುದು. ಬಟ್ಟೆ ಇನ್ನೂ ಹರಿದಿಲ್ಲ. ಮೊಳಕೆ ಕಟ್ಟಲು ಬೇರೆಯದನ್ನೇ ಇಟ್ಟುಕೊಂಡಿದ್ದೇನೆ.

40 ರೂಪಾಯಿಯ ಪೀಲರ್ ದಿನವೂ ಬೇಕು, ತಕರಾರಿಲ್ಲ. ಪೆನ್ಸಿಲ್ ಕೆತ್ತುವ ಮೆಂಡರಿನಂತೆ ತಿರುಗಿಸಿ ಸೌತೆಕಾಯಿಯಿಂದ ಶಾವಿಗೆ ತೆಗೆಯುವ ಉಪಕರಣಕ್ಕೆ 160 ರೂಪಾಯಿ ಹಾಕಿದ್ದು ಮಾತ್ರ ನನ್ನದೇ ದುರಾಸೆ. ನಮ್ಮ ಸೌತೆಕಾಯಿಗಳಲ್ಲಿ ನಡುವಿನ ತಿರುಳು ನೀರಾಗಿರುವುದರಿಂದ ಎರಡು ಸುತ್ತಿಗೇ ಎಳೆ ತುಂಡಾಗುತ್ತದೆ, ಕ್ಯಾರೆಟ್ಟಿನ ಕಾಲುಭಾಗ ಮೊಟುಕಾಗಿ ಉಳಿಯುತ್ತದೆ. ಪಕ್ಕದ ಮನೆಯ ಮಗು ಅದನ್ನು ಕೇಳಿ ತೆಗೆದುಕೊಂಡು ಹೋಯಿತು. ಅಲ್ಲಿಂದ ಈಗ ದಿನಬಿಟ್ಟು ದಿನ ಒಂದು ತಟ್ಟೆ ಮೂಲಂಗಿಯ ಸುರುಳಿ ನಮ್ಮ ಮನೆಗೆ ಬರುತ್ತಿದೆ. ಎಳೆಯ ಮೂಲಂಗಿಗೆ ಆ ಉಪಕರಣ ಚೆನ್ನಾಗಿಯೇ ಒದಗುತ್ತದೆಂದು ನನಗೆ ತಿಳಿದದ್ದು ಹಾಗೆ.