ಬಟ್ಟೆ ಬ್ಯಾನರ್ ಮೇಲೆ ಒಟ್ಟೊಮನ್ ವಜೀರರು: ಪ್ರಿಂಟಿಂಗ್ ಅಂಗಡಿ ಹೇಗಿದೆ?

1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿತ್ತು ಅಂತ ನಮ್ಮ ಪಿಯುಸಿ ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ. ಗೆದ್ದ ಒಟ್ಟೊಮನ್ ತುರ್ಕರ ಸುಲ್ತಾನ ಅದೇ ವರ್ಷ ತನ್ನದೇ ಮಹಾ ವಜೀರ, ಅಂದರೆ ಪ್ರಧಾನ ಮಂತ್ರಿ, ಚಾಂದರ್ಲಿ ಹಲೀಲ್ ಪಾಷಾನನ್ನು ಕೊಲ್ಲಿಸಿದ ಅಂದರೆ ಮಾತ್ರ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ. ಹಾಗಾಗಿ ಈ ವಜೀರರದ್ದೇ ಒಂದು ಚಾರ್ಟ್ ಮಾಡಿಸಿದೆ. ದಾವಣಗೆರೆ ಅಶೋಕ ರಸ್ತೆ ಕಡೆಯ ಒಂದು ಸಣ್ಣ ಡಿಟಿಪಿ ಅಂಗಡಿ. ಫ್ಲೆಕ್ಸ್ ಬೇಡ, ಬಟ್ಟೆ ಮೇಲೆ ಅಂದೆ. ಆರು ಅಡಿಗೆ ಮೂರು ಅಡಿ.

ಡಿಸೈನ್ ಮಾಡುವ ಹುಡುಗನಿಗೆ ಪೂರ್ತಿ ಅಂಕ. ಸುಮ್ನೆ ಟೈಪ್ ಮಾಡಿ ಕೈ ತೊಳೆದುಕೊಳ್ಳುವವನಲ್ಲ, ಓದುತ್ತಾನೆ. ‘ಮೇಡಂ, ಇವರಲ್ಲಿ ನೆಟ್ಟಗೆ ಸತ್ತೋರು ಕಮ್ಮಿ ಅಲ್ವಾ?’ ಅಂದ. ಸುಲ್ತಾನ ಕೊಲ್ಲಿಸಿದವರಿಗೆ ಕೆಂಪು ಚೌಕಟ್ಟು ಹಾಕೋಣ ಅಂತ ಹೇಳಿದ್ದೂ ಅವನೇ. ಸುಲ್ತಾನ ಸುಲೈಮಾನನ ಆಪ್ತ ಗೆಳೆಯ ಇಬ್ರಾಹಿಂ ಪಾಷಾ, 1536, ಅರಮನೆಯಲ್ಲೇ ಕತ್ತು ಹಿಸುಕಿದರು: ಕೆಂಪು. 1683ರಲ್ಲಿ ವಿಯೆನ್ನಾ ಮುತ್ತಿಗೆ ಸೋತ ಕಾರಾ ಮುಸ್ತಫಾ: ಕೆಂಪು. ಸೊಕೊಲ್ಲು ಮೆಹ್ಮದ್ ಪಾಷಾನ ಹತ್ತಿರ ತಲೆ ಕೆರೆದುಕೊಂಡ. ಬೋಸ್ನಿಯಾದ ಕ್ರೈಸ್ತ ಮನೆಯಿಂದ ಎಳೆದು ತಂದ ಹುಡುಗ ಇವನು. 1565ರಿಂದ ಮೂವರು ಸುಲ್ತಾನರ ಕೆಳಗೆ ವಜೀರ. 1566ರಲ್ಲಿ ಹಂಗೇರಿಯ ಯುದ್ಧದಲ್ಲಿ ಸುಲೈಮಾನ್ ಡೇರೆಯಲ್ಲೇ ತೀರಿಕೊಂಡಾಗ, ಮಗ ಬರುವವರೆಗೆ ವಾರಗಟ್ಟಲೆ ಸೈನ್ಯಕ್ಕೆ ಸುಳಿವು ಕೊಡಲಿಲ್ಲ. ಅಂಥವನನ್ನು 1579ರಲ್ಲಿ ಯಾರೋ ಬಂದು ಇರಿದು ಕೊಂದ. ಸುಲ್ತಾನನ ಆಜ್ಞೆ ಅಲ್ಲವಲ್ಲ? ಕಿತ್ತಳೆ ಬಣ್ಣ ಹಾಕಿದೆವು. ಕೊಪ್ರುಲು ಮನೆತನಕ್ಕೆ ಹಸಿರು. 1661ರಲ್ಲಿ ಅಪ್ಪ ಸತ್ತ, ಮಗ ಅದೇ ಕುರ್ಚಿಯಲ್ಲಿ ಕೂತ. ಇದನ್ನು ನಮ್ಮೂರಿನ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಬೈಗುಳ. ‘ನುಡಿ’ ತಂತ್ರಾಂಶದಿಂದ ಪಿಡಿಎಫ್‌ಗೆ ಹೋಗುವಾಗ ಒತ್ತಕ್ಷರಗಳು ಕಳಚಿದವು. ‘ಕೊಪ್ರುಲು’ ಹೆಸರಿನ ಒತ್ತು ಪಕ್ಕದ ಇಸವಿ ಮೇಲೆ ಹೋಗಿ ಕೂತಿತ್ತು. ಪ್ರೂಫ್ ಕೇಳಿ ತೆಗೆಸಿಕೊಂಡಿದ್ದಕ್ಕೆ ಬಚಾವ್, ಅವರಾಗಿ ತೋರಿಸುವುದಿಲ್ಲ. ಬಟ್ಟೆ ಮೇಲೆ ಕೆಂಪು ಸ್ವಲ್ಪ ಹರಡಿದೆ, ಸಣ್ಣ ಅಂಕಿಗಳು ಹಿಂದಿನ ಬೆಂಚಿಗೆ ಕಾಣುವುದಿಲ್ಲ. ಹೇಳಿದ ದಿನಕ್ಕೂ ಕೊಡಲಿಲ್ಲ. ಮದುವೆ ಸೀಸನ್ ಅಂತೆ.

ದರ ಪಕ್ಕದ ಅಂಗಡಿಗಳಿಗಿಂತ ಜಾಸ್ತಿ. ಆದರೂ ಮುಂದಿನ ಚಾರ್ಟ್ ಇಲ್ಲೇ. ಹೋಗುವವರು ಯುನಿಕೋಡ್‌ನಲ್ಲಿ ಟೈಪ್ ಮಾಡಿಕೊಂಡು ಹೋಗಿ, ಅಕ್ಷರ ಕಪ್ಪಲ್ಲೇ ಹಾಕಿಸಿ. ಮಾಲೀಕರ ಹತ್ತಿರ ಮಾತು ಬೇಡ, ಆ ಹುಡುಗ ಇರುವಾಗ ಹೋಗಿ. ಬಿಲ್ ಕೇಳಿದರೆ ಮಾತ್ರ ಕೊಡುತ್ತಾರೆ.